ಹರಿಗೋಲಿನ ಕಲ್ಲುಗಳು

ಬೆಳಿಗ್ಗೆ ಎದ್ದಾಗಿನಿಂದ ಪರಿಮಳಾ ಎರಡೇ ಶಬ್ದಗಳನ್ನು ಬಾಯೊಳಗೆ ಹೊರಳಿಸುತ್ತಿದ್ದಳು. ಹಿಂಗ ಇತ್ತು. ಹಲ್ಲುಜ್ಜುವಾಗ, ಜಡೆ ಹಾಕಿಕೊಳ್ಳುವಾಗ, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾಯುವಾಗ ಅವು ಕರಗದ ಗುಳಿಗೆಯ ಹಾಗೆ ನಾಲಿಗೆಯ ಮೇಲೆ ಕೂತಿದ್ದವು. ಹನ್ನೊಂದು ದಿನಗಳಿಂದ ಅವಳ ಕೆಲಸ ಅದೊಂದೇ. ಮೂವತ್ತೊಂದು ವರ್ಷಗಳ ಹಿಂದೆ ಹೊನ್ನಗಡ್ಡಿಯ ಹರಿಗೋಲು ಕೃಷ್ಣೆಯಲ್ಲಿ ಮಗುಚಿ ಅವಳ ಅವ್ವನೂ ಸೇರಿ ಒಂಬತ್ತು ಜನ ಸತ್ತದ್ದನ್ನು ಸಿನಿಮಾ ಮಾಡುತ್ತಿದ್ದರು. ಬದುಕಿ ಉಳಿದವರಲ್ಲಿ ಓದಿದವಳು, ಶಹಾಪುರದಲ್ಲಿ ಟೀಚರಾಗಿದ್ದವಳು ಅವಳೊಬ್ಬಳೇ. ದಸರೆಯ ರಜೆ ನೋಡಿಕೊಂಡು ಅವಳನ್ನು ಹುಡುಕಿಕೊಂಡು ಬಂದಿದ್ದರು. ನಿರ್ದೇಶಕ ಸಂಗಮನಾಥ ಕೆಂಭಾವಿಯವನು, ಮೂವತ್ತೈದು ದಾಟಿರದ ಕನ್ನಡಕದ ಮನುಷ್ಯ. ಪ್ರತಿ ಶಾಟಿಗೆ ಮೊದಲು ಕ್ಯಾಮೆರಾದ ಹಿಂದಿನಿಂದ ಕೇಳುತ್ತಿದ್ದ, “ಹಿಂಗ ಇತ್ತೇನ್ರಿ ಟೀಚರ್?” ಅವಳು ಹಿಂಗ ಇತ್ತು ಅನ್ನದೆ ಯಾವ ಶಾಟೂ ನಡೆಯುತ್ತಿರಲಿಲ್ಲ. ನಿನ್ನೆ ಸಂಜೆ ಮೊಬೈಲಿಗೆ ಇವತ್ತಿನ ದೃಶ್ಯದ ಹಾಳೆ ಬಂದಿತ್ತು. ಅದರ ಮೊದಲ ಸಾಲು: ಅಂಬಿಗ ವೆಂಕಪ್ಪ ಸೊಂಟದಿಂದ ಬಾಟಲಿ ತೆಗೆದು ಎರಡು ಗುಟುಕು ಕುಡಿದು ಹರಿಗೋಲನ್ನು ನೀರಿಗೆ ನೂಕುತ್ತಾನೆ. ಇದಕ್ಕೂ ಅವಳು ಹಿಂಗ ಇತ್ತು ಅನ್ನಬೇಕಾಗಿತ್ತು. ವೆಂಕಪ್ಪ ಅವತ್ತು ಕುಡಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಕುಡಿದಿರಲಿಲ್ಲ ಅಂದರೆ ಮತ್ತೆ ಹರಿಗೋಲು ಯಾಕೆ ಮಗುಚಿತು ಎಂದು ಸಂಗಮನಾಥ ಕೇಳುತ್ತಾನೆ. ಅದೂ ಅವಳಿಗೆ ಗೊತ್ತಿತ್ತು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬುದ್ಧ ಮಲಗಿದಂತೆ ಕಾಣುವ ಗುಡ್ಡ ಹಿಂದೆ ಸರಿಯಿತು. ಹುಡುಗಿಯಾಗಿದ್ದಾಗ ಶಹಾಪುರದ ಹಾಸ್ಟೆಲಿಗೆ ಬಂದ ಹೊಸತರಲ್ಲಿ ಆ ಗುಡ್ಡವನ್ನು ಅವಳು ನೋಡುತ್ತಿರಲಿಲ್ಲ. ಅದು ಅವಳಿಗೆ ಮಲಗಿದವನ ಹಾಗಲ್ಲ, ನೀರಿನ ಮೇಲೆ ಅಂಗಾತ ತೇಲಿದವನ ಹಾಗೆ ಕಾಣುತ್ತಿತ್ತು. ಬುದ್ಧನ ಫೋಟೋ ಮನೆಗೆ ಬಂದದ್ದು ಆಮೇಲೆ, ತಮ್ಮನಿಗೆ ಬುದ್ಧಪ್ರಿಯ ಎಂದು ಅಪ್ಪ ಹೆಸರು ಬದಲಿಸಿದ ವರ್ಷ. ಅವ್ವ ಅದನ್ನು ನೋಡಲಿಲ್ಲ. ಅವ್ವ ನೋಡದೆ ಹೋದ ವಸ್ತುಗಳ ಪಟ್ಟಿಯೊಂದು ಅವಳ ತಲೆಯಲ್ಲಿ ಇತ್ತು, ಪ್ರತಿ ವರ್ಷ ಉದ್ದವಾಗುತ್ತಿತ್ತು: ಗ್ಯಾಸು, ನಳದ ನೀರು, ಮಗಳ ಕೈಗಡಿಯಾರ. ಸಿನಿಮಾದವರು ಅವ್ವನನ್ನು ಮತ್ತೆ ಕಟ್ಟುತ್ತಿದ್ದರು. ಬಟ್ಟೆಯ ಹುಡುಗಿ ಮೊದಲ ದಿನವೇ ಹರಕು ಸೀರೆಯೊಂದನ್ನು ಹಿಡಿದು ಬಂದು, ತೇಪೆ ಎಲ್ಲಿ ಹಾಕಲಿ ಮೇಡಂ ಎಂದು ಕೇಳಿದ್ದಳು. “ನಮ್ಮವ್ವ ಅವತ್ತು ಹರಕು ಉಟ್ಟಿದ್ದಿಲ್ಲ,” ಅಂದಿದ್ದಳು ಪರಿಮಳಾ. “ಮಗಳನ್ನ ಸಾಲಿಗಿ ಬಿಡಾಕ ಹೊಂಟಾಕಿ ಹರಕು ಯಾಕ ಉಡ್ತಾಳ? ಇಳಕಲ್ ಸೀರಿ, ಕೆಂಪು ಸೆರಗು. ಮದಿವಿದು.” ಸಂಗಮನಾಥ ಓಡಿಬಂದು ಅದನ್ನು ಬರೆದುಕೊಂಡ. ಅವನಿಗೆ ತಪ್ಪು ತೋರಿಸಿದರೆ ಬಹುಮಾನ ಕೊಟ್ಟಷ್ಟು ಸಂತೋಷ. ಹರಿಗೋಲನ್ನು ಫೈಬರಿನದು ಬೇಡವೆಂದು ಬಿದಿರು ಹೆಣೆಸಿ ಟಾರು ಬಳಿಸಿದ್ದ. ಆ ಕಾಲದ ಸಾಬೂನಿನ ಡಬ್ಬಿ, ಆ ಕಾಲದ ಗೊಬ್ಬರದ ಚೀಲ ಹುಡುಕಿಸಿದ್ದ. ಹತ್ತೊಂಬತ್ತು ಜನ ಅಂದರೆ ಹತ್ತೊಂಬತ್ತೇ ಕೂಡಬೇಕು. ಅವನ ಬ್ಯಾಗಿನಲ್ಲಿ ತನಿಖೆಯ ವರದಿಯ ಝೆರಾಕ್ಸ್ ಇರುತ್ತಿತ್ತು. ಹೆಚ್ಚು ಮಂದಿ, ಗಾಳಿ, ಅಮಲಿನಲ್ಲಿದ್ದ ಅಂಬಿಗ ಎಂಬ ಸಾಲಿನ ಕೆಳಗೆ ಹಳದಿ ಗೆರೆ ಎಳೆದಿದ್ದ. ಮೊದಲ ದಿನ ಹೊಸ ಟಾರಿನ ವಾಸನೆ ಬಿಸಿಲಿಗೆ ಎದ್ದು ಅವಳ ಮುಖಕ್ಕೆ ಬಡಿದಾಗ ಅವಳಿಗೆ ಬಂದದ್ದು ದುಃಖವಲ್ಲ, ಹಸಿವು. ಆ ವಾಸನೆಯ ಹಿಂದೆಯೇ ಅವ್ವನ ಬುತ್ತಿ ಬಿಚ್ಚಿಕೊಂಡಿತ್ತು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ನಡುಹೊಳೆಯಲ್ಲಿ ಕೂತು ನೀರಿಗೆ ಬೆರಳು ಇಳಿಬಿಟ್ಟು ತಿಂದ ಶೇಂಗಾ ಹಿಂಡಿ. ಒಂಬತ್ತು ಜನ ಸತ್ತ ಜಾಗದಲ್ಲಿ ಬಾಯಲ್ಲಿ ನೀರು ಬಂದದ್ದಕ್ಕೆ ಅವಳು ಆ ಇಡೀ ದಿನ ನಾಚಿಕೊಂಡಿದ್ದಳು.

ಸುರಪುರದಲ್ಲಿ ಇಳಿದು ನಾಗಲಕ್ಷ್ಮಿಯ ಖಾನಾವಳಿಗೆ ನಡೆದಳು. ಸಿನಿಮಾದವರ ಮಧ್ಯಾಹ್ನದ ಊಟ ಅಲ್ಲಿಂದಲೇ ಹೋಗುತ್ತಿತ್ತು, ಅದೇ ಟೆಂಪೋದಲ್ಲಿ ಪರಿಮಳಾ ಕೂಡ ಹೊಳೆಗೆ ಹೋಗುತ್ತಿದ್ದಳು. ನಾಗಲಕ್ಷ್ಮಿ ವೆಂಕಪ್ಪನ ಮಗಳು. ಇಬ್ಬರೂ ಒಂದೇ ಓರಗೆಯವರು, ಒಂದೇ ದಡದಲ್ಲಿ ಆಡಿದವರು. ಖಾನಾವಳಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಒಂದು ನುಣುಪಾದ ಕರಿ ಕಲ್ಲನ್ನು ಒತ್ತಿಟ್ಟಿದ್ದರು. ಇವತ್ತೂ ಪರಿಮಳಾಳ ಹೆಬ್ಬೆರಳು ಅದಕ್ಕೆ ಬಡಿಯಿತು.

“ಹನ್ನೊಂದು ದಿನ ಆತು, ದಿನಾ ಎಡವತೀ. ಮಕ್ಕಳಿಗಿ ಏನ್ ಕಲಸ್ತೀಯೋ ನೀ,” ಒಳಗಿನಿಂದ ನಾಗಲಕ್ಷ್ಮಿ ಅಂದಳು. ಅವಳು ರೊಟ್ಟಿಯ ರಾಶಿಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ದಪ್ಪ ಹೆಂಗಸು, ಕೂತಲ್ಲಿಂದ ಏಳುವಾಗ ತನ್ನನ್ನು ತಾನೇ ಬಯ್ದುಕೊಂಡು ಏಳುವವಳು.

“ಇದನ್ನ ತಗದು ಆಚಿ ಇಡಬಾರದೇನು? ಕಟಗಿ ತುಂಡು ಇಟ್ರ ಆಗಲ್ಲೇನು?”

“ಇರಲಿ ಬಿಡು. ಚಾ ಕುಡಿ.”

ಚಹಾ ಕುಡಿಯುವಾಗ ನಾಗಲಕ್ಷ್ಮಿ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಒಳಗೆ ಮಡಿಸಿದ ರುಮಾಲು, ಬಿಳಿಯದು, ಹಳದಿಗಟ್ಟಿದ್ದು. “ಅಪ್ಪಂದು. ಒಗದು ಗಂಜಿ ಹಾಕೀನಿ. ಆ ಪಾರ್ಟು ಮಾಡಾಂವ ತಲಿಗಿ ಎಂಥಾದೋ ಟರ್ಕಿ ಟವಲ್ ಸುತ್ಕೊಂಡಾನ, ನೋಡಿದ್ರ ಜಳಕಕ್ಕ ಹೊಂಟಂಗ ಕಾಣ್ತಾನ. ಇದನ್ನ ಸುತ್ಲಿ. ನಮ್ಮಪ್ಪ ಅಂದ್ರ ನಮ್ಮಪ್ಪನಂಗ ಕಾಣಬೇಕು, ಹೌದಿಲ್ಲೊ?”

“ಹೌದು.”

“ಇವತ್ತು ನಾನೂ ಬರ್ತೀನಿ. ಅಂಗಡಿ ಸಾಬೇರಾ ನೋಡ್ಕೋತಾಳ. ಅಪ್ಪನ್ನ ಎರಡು ವರ್ಷ ಜೇಲಿನಾಗಿಟ್ರು, ಊರಾಗ ಬದುಕಿರೂತನಕ ಒಬ್ರೂ ಅವನ ಹರಗೋಲ ಹತ್ತಲಿಲ್ಲ. ಸಿನಿಮಾದಾಗರ ನೆಟ್ಟಗ ನಿಲ್ಲೂದು ನೋಡಬೇಕು.”

ಪರಿಮಳಾ ಚಹಾದ ಕೊನೆಯ ಗುಟುಕನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದಳು. ಬಾಟಲಿಯ ಮಾತು ಹೇಳಲು ಅದು ಸರಿಯಾದ ಹೊತ್ತಾಗಿತ್ತು. ನುಂಗಿದಳು. ರುಮಾಲಿನ ಚೀಲ ತೊಡೆಯ ಮೇಲೆ ಬೆಚ್ಚಗೆ, ಮಲಗಿದ ಬೆಕ್ಕಿನ ಹಾಗೆ ಕೂತಿತ್ತು. ಹೊಳೆಯ ತನಕವೂ ಅದನ್ನು ಅವಳೇ ಹಿಡಿದುಕೊಂಡು ಹೋದಳು.

ಟೆಂಪೋ ಹತ್ತಿಯ ಹೊಲಗಳ ನಡುವೆ ಹೋಗುವಾಗ ಅವಳು ಹಾಳೆಯಲ್ಲಿ ಇಲ್ಲದ್ದನ್ನು ನೋಡುತ್ತಿದ್ದಳು. ಹರಿಗೋಲು ದುಂಡಗಿನದು. ಅದಕ್ಕೆ ಹಿಂದು ಮುಂದು ಇಲ್ಲ, ಮೇಲು ಕೆಳಗಿಲ್ಲ. ಹತ್ತುವವರಿಗೆ ಇತ್ತು. ಅವ್ವ ಮತ್ತು ಅವಳು ಹತ್ತಿ ಒಂದು ಅಂಚಿಗೆ ಕೂತರೆ ಉಳಿದವರೆಲ್ಲ ಎದುರಿನ ಅಂಚಿಗೆ ಸರಿದು ಮೊಣಕಾಲಿಗೆ ಮೊಣಕಾಲು ಒತ್ತಿ ಕೂಡುತ್ತಿದ್ದರು. ಯಾರೂ ಯಾರಿಗೂ ಬಯ್ಯುತ್ತಿರಲಿಲ್ಲ. ಅವ್ವನನ್ನು ಮಾತಾಡಿಸುತ್ತಿದ್ದರು, ಅಯ್ಯಮ್ಮ ಈ ಸಲ ಜ್ವಾಳ ಹೆಂಗ ಬಂದಾವ ಎಂದು ಕೇಳುತ್ತಿದ್ದರು, ಅವ್ವ ನಗುತ್ತ ಉತ್ತರ ಕೊಡುತ್ತಿದ್ದಳು. ನಡುವೆ ಒಂದು ಮಾರು ಬರಿ ಜಾಗ. ಎಲ್ಲರ ತೂಕ ಒಂದೇ ಕಡೆಗೆ ಬಿದ್ದು ಹರಿಗೋಲು ವಾಲುತ್ತಿತ್ತು. ಅದಕ್ಕೆ ವೆಂಕಪ್ಪ ಹೊಳೆಯ ಕಲ್ಲುಗಳನ್ನು ಆರಿಸಿ ತಂದು ಅವ್ವನ ಕಡೆಗೆ ಇಟ್ಟಿದ್ದ. ನೀರು ತಿಕ್ಕಿ ತಿಕ್ಕಿ ನುಣುಪು ಮಾಡಿದ ಕಲ್ಲುಗಳು, ಕುಂಬಳಕಾಯಿಯಷ್ಟು ದೊಡ್ಡವು. ಅವ್ವ ಹತ್ತಿದರೆ ಕಲ್ಲು ಬರುತ್ತಿದ್ದವು, ಅವ್ವ ಇಳಿದರೆ ಇಳಿಯುತ್ತಿದ್ದವು. ಅವಳು ಚಿಕ್ಕವಳಿದ್ದಾಗ ಆ ಕಲ್ಲುಗಳು ತಮ್ಮವೇ ಎಂದು ತಿಳಿದಿದ್ದಳು. ಅವುಗಳ ಮೇಲೆ ಕೂತು ಆಡಿದ್ದಳು, ಬಿಸಿಲಿಗೆ ಕಾದಾಗ ಅಂಗೈ ಒತ್ತಿ ಬಿಸಿ ಹಿಡಿದಿದ್ದಳು. ವೆಂಕಪ್ಪ ಹುಟ್ಟು ಹಾಕುತ್ತ, “ನನ್ನ ಮಕ್ಳು ಕುಂತಾವೇನವಾ?” ಎಂದು ಕಲ್ಲುಗಳನ್ನು ವಿಚಾರಿಸುತ್ತಿದ್ದ. ಆ ದಾಟುವಿಕೆಯ ಅರ್ಧ ತಾಸಿನಷ್ಟು ಹಗುರಾದದ್ದು ಅವಳ ಬದುಕಿನಲ್ಲಿ ಮತ್ತೆ ಬರಲಿಲ್ಲ. ಅವ್ವ ದಡದಲ್ಲಿ ಎಂದೂ ಸುಮ್ಮನೆ ಕೂತವಳಲ್ಲ. ನೀರಿನ ಮೇಲೆ ಮಾಡಲು ಕೆಲಸವಿಲ್ಲದೆ ಮಗಳ ತಲೆ ತೊಡೆಗೆ ಎಳೆದುಕೊಂಡು ಹೇನು ನೋಡುತ್ತಿದ್ದಳು, ಆಕಾಶ ನೋಡುತ್ತಿದ್ದಳು. ಆ ಬರಿ ಜಾಗ ಇದ್ದುದರಿಂದಲೇ ಅಲ್ಲವೇ ತಾನು ಕಾಲು ಚಾಚಿ ಮಲಗಲು ಆದದ್ದು, ಎಂದು ಈಗ ಟೆಂಪೋದ ಕುಲುಕಾಟದಲ್ಲಿ ಅನ್ನಿಸಿ ಅವಳಿಗೆ ಮೈ ಉರಿಯಿತು. ನೆನಪು ಯಾವುದನ್ನು ಸಿಹಿ ಮಾಡಿ ಇಟ್ಟುಕೊಂಡಿದೆ ನೋಡು.

ಹೊಳೆಯ ದಂಡೆಯಲ್ಲಿ ಎಲ್ಲ ತಯಾರಿತ್ತು. ಹೊನ್ನಗಡ್ಡಿಯವರೇ ಹದಿನೆಂಟು ಜನ ಆ ದಿನದ ಪ್ರಯಾಣಿಕರಾಗಿ ಹಳೆ ಬಟ್ಟೆ ತೊಟ್ಟು ನಿಂತಿದ್ದರು. ಅವರಲ್ಲಿ ಪರಿಮಳಾಳ ಕೇರಿಯವರು ಇಬ್ಬರು, ಅವ್ವನ ಪಾರ್ಟಿನ ಅನುರಾಧಾ ಮತ್ತು ಅವಳ ಮಗಳು. ಮಗಳು ಪರಿಮಳಾಳ ಪಾರ್ಟು. ಕೆಂಪು ಸೆರಗಿನ ಇಳಕಲ್ ಸೀರೆಯಲ್ಲಿ ಅನುರಾಧಾ ಬೆನ್ನು ತಿರುಗಿಸಿ ನಿಂತಾಗ ಪರಿಮಳಾ ಬೇರೆ ಕಡೆ ನೋಡಿದಳು. ಒಬ್ಬ ಸಹಾಯಕ ಎಲ್ಲರನ್ನೂ ಹರಿಗೋಲಿನಲ್ಲಿ ಸುತ್ತಲೂ ಸಮನಾಗಿ ಕೂರಿಸಿದ್ದ. ಬೆಳಕು ಸರಿಯಾಗಲಿ ಎಂದು ಹತ್ತು ನಿಮಿಷ ಕಾದರು. ಆ ಹತ್ತು ನಿಮಿಷದಲ್ಲಿ ಯಾರೂ ಹೇಳದೆ, ಯಾರೂ ಎದ್ದದ್ದು ಕಾಣದೆ, ಹರಿಗೋಲಿನೊಳಗೆ ಏನೋ ನಡೆಯಿತು. ಒಬ್ಬ ಎಲೆ ಅಡಿಕೆ ಉಗುಳಲು ಬಾಗಿ ಆ ಕಡೆ ಕೂತ. ಒಬ್ಬಳು ಬಿಸಿಲೆಂದು ಸೆರಗು ಹೊದ್ದು ಸರಿದಳು. ಪರಿಮಳಾ ಮತ್ತೆ ನೋಡಿದಾಗ ಒಂದು ಅಂಚಿಗೆ ಅನುರಾಧಾ ಮತ್ತು ಮಗಳು, ಟ್ರಂಕು, ಎದುರಿನ ಅಂಚಿಗೆ ಉಳಿದವರೆಲ್ಲ, ನಡುವೆ ಒಂದು ಮಾರು ಬರಿ ಜಾಗ. ಹರಿಗೋಲು ವಾಲಿತ್ತು. ನೀರಿನಲ್ಲಿ ಎದೆಮಟ್ಟ ನಿಂತಿದ್ದ ಈಜುಗಾರ ಕೂಗಿದ, “ಸ್ವಲ್ಪ ಈ ಕಡೆ ಬನ್ನಿ, ಸಮ ಆಗ್ತಿಲ್ಲ.” ನಕ್ಕರು, ಒಂದು ಗೇಣು ಸರಿದರು, ಮತ್ತೆ ಮಾತಿಗೆ ತೊಡಗಿದರು. ಯಾರ ಮುಖದಲ್ಲೂ ಕೆಟ್ಟತನ ಇರಲಿಲ್ಲ. ಹನ್ನೊಂದು ದಿನ ಹುಡುಕಿದರೂ ಸಂಗಮನಾಥನಿಗೆ ಸಿಗದ ನಿಖರತೆ ತಾನಾಗಿ ಬಂದು ಕೂತಿತ್ತು. ಅವನು ಮಾತ್ರ ಬೆಳಕು ನೋಡುತ್ತಿದ್ದ.

ಅವತ್ತು ಜೂನ್ ತಿಂಗಳು, ಸಾಲಿ ಶುರುವಾಗುವ ವಾರ. ಹಾಸ್ಟೆಲಿಗೆಂದು ಹೊಸ ಟ್ರಂಕು. ಅವ್ವ ಇನ್ನೂ ದಡದಲ್ಲಿ ವೆಂಕಪ್ಪನ ಜೊತೆ ಮಾತಾಡುತ್ತ ನಿಂತಿದ್ದಳು, ಕಲ್ಲುಗಳು ಆಗಲೇ ಒಳಗಿದ್ದವು, ಪರಿಮಳಾ ಮೊದಲೇ ಹತ್ತಿ ಟ್ರಂಕಿನ ಪಕ್ಕ ಕೂತಿದ್ದಳು. ದಡದಿಂದ ಚಂದ್ರಕಲಾ ಕೇಳಿದಳು. ಗೌಡರ ಮನೆಯ ಚಂದ್ರಕಲಾ, ಅದೇ ಶಹಾಪುರಕ್ಕೆ ಓದಲು ಹೊರಟವಳು, ಎರಡು ಜಡೆಗೆ ಹೊಸ ರಿಬ್ಬನ್ ಕಟ್ಟಿದವಳು. “ಪರಿಮಳಾ, ಹಾಸ್ಟೆಲಿಗಿ ನಿಮ್ಮ ಕಲ್ಲೂ ಒಯ್ತಿ ಏನು? ಅಲ್ಲಿ ಬಸ್‌ನಾಗ ಬೇಕಾಗ್ತಾವ.” ಸುತ್ತ ನಿಂತವರು ನಕ್ಕರು, ದೊಡ್ಡವರೂ ನಕ್ಕರು. ಪರಿಮಳಾಳಿಗೆ ಆ ಕಲ್ಲುಗಳು ಯಾಕೆ ಇವೆ ಎಂಬುದು ಹನ್ನೊಂದನೆಯ ವಯಸ್ಸಿಗೆ, ಆ ಒಂದು ಕ್ಷಣದಲ್ಲಿ ತಿಳಿಯಿತು. ಅವರೆಲ್ಲ ಚೀಲ ಎತ್ತಿಕೊಳ್ಳಲು ತಿರುಗಿದಾಗ ಅವಳು ಒಂದನ್ನು ತೊಡೆಯ ಮೇಲೆ ಉರುಳಿಸಿಕೊಂಡು, ಅಂಚಿಗೆ ಏರಿಸಿ, ಬಿಟ್ಟಳು. ಗುಳುಂ ಅಂತು. ಎಷ್ಟು ಚಂದದ ಸದ್ದು. ಇನ್ನೊಂದು. ಮತ್ತೊಂದು. ಆಮೇಲೆ ಆ ಜಾಗಕ್ಕೆ ಟ್ರಂಕನ್ನು ಎಳೆದುಕೊಂಡು ಲಂಗ ಹರಡಿ ಕೂತಳು, ಕೆಳಗೆ ಏನಿದೆ ಏನಿಲ್ಲ ಕಾಣದ ಹಾಗೆ. ವೆಂಕಪ್ಪ ಹತ್ತುವಾಗ ಏನೋ ಗೊಣಗಿದ್ದ, ಆದರೆ ಸಂತೆಗೆ ಹೊತ್ತಾತು ನಡಿ ಎಂದು ಎಲ್ಲರೂ ಅವಸರ ಮಾಡಿದರು. ನಡುಹೊಳೆಯಲ್ಲಿ ಗಾಳಿ ಎದ್ದಿತು. ಎದುರಿನ ಅಂಚು ನೀರು ಮುಟ್ಟಿತು. ವೆಂಕಪ್ಪ ಹುಟ್ಟು ಬಿಟ್ಟು ಎರಡೂ ಕೈ ಎತ್ತಿ ಕೂಗಿದ, “ಆ ಕಡಿ ಸರಕೊಳ್ರಿ, ಅಯ್ಯಮ್ಮನ ಕಡಿ ಸರಕೊಳ್ರಿ.” ಒಂದು ಸಲ, ಎರಡು ಸಲ, ಮೂರು ಸಲ. ಅವರು ಅವನನ್ನು ನೋಡಿದರು, ಬರಿ ಜಾಗವನ್ನು ನೋಡಿದರು. ಮೂರು ಸಲ ಕೂಗುವಷ್ಟು ಹೊತ್ತು ಇತ್ತು. ಆಮೇಲೆ ಆಕಾಶ ಕೆಳಗೆ ಬಂತು. ಅವಳು ಟ್ರಂಕು ಹಿಡಿದಿದ್ದಳು. ವೆಂಕಪ್ಪ ಅವಳನ್ನು ದಡಕ್ಕೆ ಎಳೆದು ಹಾಕಿ, ಅವಳ ಹಿಂದೆ ಏನನ್ನೋ ಹುಡುಕುವವನ ಹಾಗೆ ನೋಡಿ, ಮತ್ತೆ ನೀರಿಗೆ ಹಾರಿದ. ಅವ್ವ ಸಿಗಲಿಲ್ಲ. ಚಂದ್ರಕಲಾ ಎರಡು ದಿನ ಬಿಟ್ಟು ಸಿಕ್ಕಳು, ರಿಬ್ಬನ್ ಹಾಗೇ ಇತ್ತು. ವಿಚಾರಣೆಗೆ ಬಂದವರು ಅವಳನ್ನು ಒಂದೇ ಪ್ರಶ್ನೆ ಕೇಳಿದರು, ಮಂದಿ ಹೆಚ್ಚಾಗಿದ್ರೇನವಾ? ಅವಳು ಹೌದ್ರಿ ಅಂದಳು. ಕಲ್ಲಿನ ಮಾತನ್ನು ವೆಂಕಪ್ಪನೂ ಎತ್ತಲಿಲ್ಲ, ಊರವರೂ ಎತ್ತಲಿಲ್ಲ. ಕಲ್ಲು ಅಂದರೆ ಯಾಕೆ ಕಲ್ಲು ಎಂದು ಹೇಳಬೇಕಾಗುತ್ತಿತ್ತು.

ದಂಡೆಯ ಮೇಲೆ ನಾಗಲಕ್ಷ್ಮಿ ನಟನ ತಲೆಗೆ ರುಮಾಲು ಸುತ್ತುತ್ತಿದ್ದಳು. “ಬಗ್ಗಪ್ಪಾ, ಬಗ್ಗು. ಇಷ್ಟೆತ್ತರ ಬೆಳಿಯಂತ ಯಾರ್ ಹೇಳಿದ್ರು ನಿನಗ?” ಸುತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ನಗು ಅರಳುತ್ತಿತ್ತು. ಅಷ್ಟರಲ್ಲಿ ಸಹಾಯಕ ಬಂದು ನಟನ ಸೊಂಟಕ್ಕೆ ಬಾಟಲಿ ಸಿಕ್ಕಿಸಿದ. ನಟ ತೆಗೆದು, ಎತ್ತಿ, ಗಂಟಲು ಕುಣಿಸಿ, ರುಮಾಲಿನ ಚುಂಗಿನಿಂದ ಬಾಯಿ ಒರೆಸಿಕೊಂಡು ಅಭ್ಯಾಸ ಮಾಡಿದ. ನಾಗಲಕ್ಷ್ಮಿಯ ಮುಖ ಹಾಗೇ ನಿಂತಿತು. ಅವಳು ನಡೆದು ಬಂದು ರೊಟ್ಟಿಯ ಬುಟ್ಟಿಯ ಪಕ್ಕ ನಿಂತಳು. “ಹಾಳ್ಯಾಗ ಇದಿತ್ತೇನು?” ಪರಿಮಳಾಳನ್ನು ನೋಡದೆ ಕೇಳಿದಳು.

“ಇತ್ತು.”

“ನಿನಗ ಗೊತ್ತಿತ್ತು. ರುಮಾಲು ಹಿಡಕೊಂಡು ಬಂದಿ.”

ಕ್ಯಾಮೆರಾದ ಹಿಂದಿನಿಂದ ಸಂಗಮನಾಥ ಕೂಗಿದ, “ಹಿಂಗ ಇತ್ತೇನ್ರಿ ಟೀಚರ್?”

ಹರಿಗೋಲಿನಲ್ಲಿದ್ದವರು, ಈಜುಗಾರರು, ಛತ್ರಿ ಹಿಡಿದವರು, ಎಲ್ಲರೂ ಅವಳ ಎರಡು ಶಬ್ದಕ್ಕೆ ಕಾದರು. ಅಭ್ಯಾಸದಿಂದ ನಾಲಿಗೆ ಎದ್ದಿತು. ಕೆಮ್ಮು ಬಂತು.

“ಇದ್ದಿದ್ದಿಲ್ಲ,” ಅಂದಳು. “ಬಾಟ್ಲಿ ಇದ್ದಿದ್ದಿಲ್ರಿ. ಕಲ್ಲಿದ್ದವು.”

“ಕಲ್ಲು?” ಸಂಗಮನಾಥ ಓಡಿ ಬಂದ, ಪೆನ್ನಿನ ಮುಚ್ಚಳ ತೆಗೆಯುತ್ತಲೇ. “ಎಂಥಾ ಕಲ್ರಿ? ಎಷ್ಟು? ಎಲ್ಲಿದ್ದವು?”

ಕೈ ಮಾಡಿ ತೋರಿಸಿದಳು. ಕುಂಬಳಕಾಯಿಯಷ್ಟು, ನುಣುಪು, ಮೂರು. ಹುಡುಗರು ದಂಡೆಯಿಂದ ಮೂರು ಕಲ್ಲು ಹೊತ್ತು ತಂದರು. ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಅನುರಾಧಾಳ ಪಕ್ಕದ ಜಾಗ ತೋರಿಸಿದಳು, ಅಲ್ಲಿಡಿಸಿದಳು. ಹರಿಗೋಲು ನಿಧಾನಕ್ಕೆ, ಉಸಿರು ಬಿಟ್ಟ ಹಾಗೆ, ಸಮವಾಯಿತು.

“ಇಲ್ಲಿ ಯಾಕ್ರಿ ಕಲ್ಲು?”

“ಹೆಂಗ ಕುಂತಾರ ನೋಡ್ರಿ.”

ಅವನು ನೋಡಿದ. ಕೆಂಭಾವಿಯಲ್ಲಿ ಹುಟ್ಟಿ ಬೆಳೆದವನಿಗೆ ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಕನ್ನಡಕ ತೆಗೆದು ಅಂಗಿಗೆ ಒರೆಸಿದ, ಮತ್ತೆ ಹಾಕಿಕೊಂಡ. “ವರದಿಯೊಳಗ ಇದು ಇಲ್ಲಲ್ರಿ,” ಎಂದು ಮೆಲ್ಲಗೆ ಅಂದ.

“ವರದಿ ಬರದವರು ಹರಗೋಲ ಹತ್ತಿದ್ರ ಯಾವ ಕಡಿ ಕುಂದ್ರತಿದ್ರು?”

ಅವನು ಪೆನ್ನಿನ ಮುಚ್ಚಳ ಹಾಕಿದ. ಹರಿಗೋಲಿನಲ್ಲಿದ್ದವರಲ್ಲಿ ಕೆಲವರು ನೀರು ನೋಡುತ್ತಿದ್ದರು. “ಆದ್ರ ಟೀಚರ್, ಕಲ್ಲಿದ್ದವು ಅಂದ್ರ ಮಗುಚಬಾರದಿತ್ತಲ್ಲ?”

“ನಾ ತಗದು ಹೊಳಿಗಿ ಒಗದೆ. ಮೂರೂ. ಅಂಬಿಗ ಸರಕೊಳ್ರಿ ಅಂದ, ಯಾರೂ ಸರೀಲಿಲ್ಲ. ಅಂವ ಕುಡದಿದ್ದಿಲ್ಲ.”

ಹೇಳಿಯಾದ ಮೇಲೆ ಹಗುರಾಗುತ್ತದೆ ಎಂದು ಎಲ್ಲೋ ಓದಿದ್ದಳು. ಹಗುರಾಗಲಿಲ್ಲ. ಮೊಣಕಾಲಿನ ತನಕ ನೀರು ತಣ್ಣಗಿತ್ತು, ಅಷ್ಟೇ. ಹಿಂದೆ ನೀರು ಸದ್ದಾಯಿತು. ನಾಗಲಕ್ಷ್ಮಿ ಇಳಿದು ಬಂದಿದ್ದಳು. ಅವಳು ಮೊದಲು ಹರಿಗೋಲಿನ ಪಕ್ಕ ನೀರಿನಲ್ಲಿ ನಿಂತಿದ್ದ ನಟನ ಹತ್ತಿರ ಹೋಗಿ ಬಾಟಲಿ ಕಿತ್ತು ದಂಡೆಗೆ ಎಸೆದಳು. ಆಮೇಲೆ ಪರಿಮಳಾಳ ಎದುರು ನಿಂತಳು. ಹೊಡೆಯುತ್ತಾಳೆ ಎಂದುಕೊಂಡು ಪರಿಮಳಾ ಕಣ್ಣು ಮುಚ್ಚಲಿಲ್ಲ.

“ಅಪ್ಪ ಜೇಲಿಗಿ ಹೋದ ವರ್ಷ ನಾ ಸಾಲಿ ಬಿಟ್ಟೆ,” ಅಂದಳು ನಾಗಲಕ್ಷ್ಮಿ. “ದನಾ ಕಾದೆ. ನೀ ಅದೇ ಟ್ರಂಕು ತಗೊಂಡು ಹಾಸ್ಟೆಲಿಗಿ ಹ್ವಾದಿ.”

“ಹೌದು.”

“ಹೌದು ಅಂತಾಳ.” ಅವಳು ಮುಖ ಒರೆಸಿಕೊಂಡಳು. ಹರಿಗೋಲಿನ ಅಂಚು ಹಿಡಿದು ಬಾಗಿ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ಮೂರಲ್ಲ,” ಅಂದಳು. “ಅಪ್ಪನ ಕಲ್ಲು ನಾಕು.”

“ಇಲ್ಲ ನಾಗೀ. ಮೂರೇ ಇದ್ದವು. ನಾನೇ ಎತ್ತಿ ಹಾಕೀನಿ.”

“ಅವತ್ತು ಮೂರಿದ್ದವು. ನಮ್ಮ ಒಲಿಯ ಒಂದು ಗುಂಡು ಕಲ್ಲು ಒಡದಿತ್ತು. ಮುಂಜಾನಿ ಅಪ್ಪ ಏಳೂದರಾಗ ಬಂದು ಒಂದು ನಾ ಒಯ್ದಿದ್ದೆ. ಛಲೋ ನುಣುಪಿತ್ತು. ಅಂವ ಬಂದು ನೋಡಿ ಗೊಣಗಿದ್ನಂತ. ಜೇಲಿಂದ ಬಂದ ಮ್ಯಾಲೂ ನನ್ನ ಕೇಳಲಿಲ್ಲ. ಅದೇ ಒಲಿ ಮ್ಯಾಲ ಮಾಡಿದ್ದ ರೊಟ್ಟಿ ಉಣ್ತಿದ್ದ.” ಅವಳು ನೆಟ್ಟಗಾದಳು, ಈ ಸಲ ತನ್ನನ್ನು ಬಯ್ದುಕೊಳ್ಳಲಿಲ್ಲ. “ಬಾಗಲದಾಗ ನಿನ್ನ ಬೆರಳಿಗಿ ಬಡೀತಲ್ಲ ದಿನಾ. ಅದು. ಅದೊಂದಕ್ಕೇ ಮಗುಚ್ತು ಅಂತ ತಿಳಕೊಂಡಿದ್ದೆ ನಾ.”

ಹೊಳೆ ಇಬ್ಬರ ಮೊಣಕಾಲುಗಳ ನಡುವೆ ಹರಿದು ಹೋಗುತ್ತಿತ್ತು. ಅನುರಾಧಾಳ ಮಗಳು ಟ್ರಂಕಿನ ಮೇಲೆ ಕೂತು ಇವರಿಬ್ಬರನ್ನೂ ನೋಡುತ್ತ, ಗೊತ್ತಿಲ್ಲದೆ, ಒಂದು ಅಂಗೈಯನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಒತ್ತಿ ಇಟ್ಟಿದ್ದಳು.

ಸಂಗಮನಾಥ ದಂಡೆಯಿಂದ ಎರಡು ಹೆಜ್ಜೆ ನೀರಿಗಿಳಿದ, ಬೂಟಿನ ಸಮೇತ. “ಅಕ್ಕಾರ,” ಅಂದ, ದನಿ ತಗ್ಗಿಸಿ. “ಆ ಕಲ್ಲು ಈಗಲೂ ಅದ ಅಂದ್ರಲ್ಲ. ಜೀಪ್ ಕಳಸಿ ತರಸ್ಲೇನ್ರಿ? ಅದೊಂದರ ಖರೇ ಕಲ್ಲು ಆಗ್ತದ.”

ನಾಗಲಕ್ಷ್ಮಿ ಪರಿಮಳಾಳನ್ನು ನೋಡಿದಳು. ಪರಿಮಳಾ ಅವಳ ಬಾಯನ್ನೇ ನೋಡುತ್ತಿದ್ದಳು, ಇಷ್ಟು ದಿನ ಉಳಿದವರು ತನ್ನ ಬಾಯಿ ನೋಡುತ್ತಿದ್ದ ಹಾಗೆ.

“ಬ್ಯಾಡ್ರಿ,” ಅಂದಳು ನಾಗಲಕ್ಷ್ಮಿ. “ಅವತ್ತು ಅದು ಹರಗೋಲ್ದಾಗ ಇದ್ದಿದ್ದಿಲ್ಲ.”